ಅಡುಗೆಮನೆ ಗೋಡೆಯ ಮೇಲೆ ಮೂರು ಸೂರ್ಯ

ನಮ್ಮ ಮನೆಗೆ ವಿಜ್ಞಾನ ಬಂದಿದ್ದು ಗಿರೀಶ್ ಕಾರ್ನಾಡರ ನೆಪದಲ್ಲಿ.

ಅಪ್ಪ ಲಿಂಗಸುಗೂರಿನಲ್ಲಿ ಪೋಸ್ಟ್‌ಮ್ಯಾನ್ ಆಗಿದ್ದ. ತೊಂಬತ್ತರ ದಶಕದ ಶುರುವಿನಲ್ಲಿ ಕಂತಿನ ಮೇಲೆ ಒಂದು ಕಪ್ಪು-ಬಿಳುಪು ಟಿವಿ ತಂದ. ಮಾಳಿಗೆ ಮೇಲೆ ಆಂಟೆನಾ ನಿಲ್ಲಿಸಿ, ಅಣ್ಣನನ್ನು ಅಲ್ಲೇ ನಿಲ್ಲಿಸಿ, "ಇನ್ನ ಸ್ವಲ್ಪ ತಿರುಗಸು, ಹಾಂ, ಬಂತು ಬಂತು, ಮತ್ತ ಹೋತು" ಅಂತ ಕೂಗುತ್ತಿದ್ದದ್ದು ಈಗಲೂ ಕಿವಿಯಲ್ಲಿದೆ. ಆಗ ದೂರದರ್ಶನದಲ್ಲಿ 'ಟರ್ನಿಂಗ್ ಪಾಯಿಂಟ್' ಅಂತ ಒಂದು ವಿಜ್ಞಾನದ ಕಾರ್ಯಕ್ರಮ ಬರುತ್ತಿತ್ತು. ನಡೆಸಿಕೊಡುತ್ತಿದ್ದವರು ಕಾರ್ನಾಡರು. ಅಪ್ಪ ಅದರ ಮುಂದೆ ಕೂತಿದ್ದು ವಿಜ್ಞಾನದ ಆಸೆಗಲ್ಲ. "ಇವರು ನಮ್ಮ ಧಾರವಾಡದಾಗ ಓದಿದವ್ರು. ನಾಟಕ ಬರೀತಾರಂತ ಎಲ್ಲಾರಿಗೂ ಗೊತ್ತು, ಕಾಲೇಜಿನಾಗ ಓದಿದ್ದು ಗಣಿತ" ಅಂತ ಪ್ರತಿ ಸಲ ಹೇಳುತ್ತಿದ್ದ. ನಮ್ಮವರೊಬ್ಬರು ದಿಲ್ಲಿ ಟಿವಿಯಲ್ಲಿ ಕಾಣಿಸಿದರೆ ನೋಡದೆ ಇರೋಕಾಗುತ್ತಾ?

ಆದರೆ ಆ ಕಾರ್ಯಕ್ರಮದಲ್ಲಿ ನಮ್ಮ ಮನೆಯನ್ನು ಹಿಡಿದು ಕೂರಿಸಿದ್ದು ಇನ್ನೊಬ್ಬರು. ಪ್ರೊ. ಯಶ್ ಪಾಲ್. ನೋಡುಗರು ಕಳಿಸಿದ ಪ್ರಶ್ನೆಗಳಿಗೆ ಅವರು ಉತ್ತರ ಹೇಳುತ್ತಿದ್ದರು. ಬಿಳಿ ಕೂದಲು, ಕನ್ನಡಕ, ಸುಮ್ಮನೆ ಇರದ ಕೈಗಳು. ಅವರ ಹೆಸರು ನನಗೆ ಎಷ್ಟೋ ದಿನ ಗೊತ್ತಿರಲಿಲ್ಲ. ನಮ್ಮ ಮನೆಯಲ್ಲಿ ಅವರು "ಬಿಳಿ ಕೂದಲ ಮಾಸ್ತರು". "ಏ, ಮಾಸ್ತರು ಬಂದ್ರು ಬರ‍್ರಿ" ಅಂದರೆ ಅವ್ವ ಕೂಡ ರೊಟ್ಟಿ ಬಡಿಯುವುದನ್ನು ಅರ್ಧಕ್ಕೆ ಬಿಟ್ಟು ಬಾಗಿಲಿಗೆ ಬಂದು ನಿಲ್ಲುತ್ತಿದ್ದಳು.

ಮಾತೆಲ್ಲ ಹಿಂದಿ, ನಡುನಡುವೆ ಇಂಗ್ಲಿಷ್. ನಾನು, ಅಣ್ಣ ಇಬ್ಬರೂ ಕನ್ನಡ ಶಾಲೆ. ಒಂದು ಅಕ್ಷರ ತಿಳಿಯುತ್ತಿರಲಿಲ್ಲ. ಅಪ್ಪನಿಗೆ ಅಷ್ಟಿಷ್ಟು ತಿಳಿಯುತ್ತಿತ್ತು. ನಮ್ಮ ರಾಯಚೂರು ಸೀಮೆ 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿತ್ತಲ್ಲ, ಆ ಕಾಲದ ಉರ್ದು ಹಿರಿಯರ ಬಾಯಲ್ಲಿ ಉಳಿದಿತ್ತು. ಅಪ್ಪನಿಗೆ ಅದು ತನ್ನ ಅಪ್ಪನಿಂದ ಬಂದಿತ್ತು. ಆ ಬಲದ ಮೇಲೆ ನಮಗೆ ಕನ್ನಡದಲ್ಲಿ ಹೇಳುತ್ತಿದ್ದ.

ಅಪ್ಪನ ಅನುವಾದ ಹೇಗಿರುತ್ತಿತ್ತು ಅಂದರೆ, ಒಂದು ಮಾತು ಕೇಳಿಸಿಕೊಂಡು ನಮಗೆ ಹೇಳುವಷ್ಟರಲ್ಲಿ ಮುಂದಿನ ಮೂರು ಮಾತು ಹೋಗಿಬಿಟ್ಟಿರುತ್ತಿದ್ದವು. ಪ್ರಶ್ನೆ ಮಾತ್ರ ಪೂರ್ತಿ ಸಿಗುತ್ತಿತ್ತು. ಉತ್ತರದಲ್ಲಿ ಅರ್ಧ ಸಿಕ್ಕರೆ ಪುಣ್ಯ. ಆಗ ಅಪ್ಪ ಟಿವಿ ಆರಿಸಿ ನಮ್ಮ ಕಡೆ ತಿರುಗಿ, "ಉಳಿದದ್ದು ನನಗ ತಿಳೀಲಿಲ್ಲ. ಹ್ಯಾಂಗ ಇದ್ದೀತು? ನೀವ ವಿಚಾರ ಮಾಡ್ರಿ" ಅನ್ನುತ್ತಿದ್ದ.

ಇದನ್ನು ಸ್ವಲ್ಪ ನಿಂತು ಹೇಳಬೇಕು. ಅದಕ್ಕಿಂತ ಮೊದಲು ಅಪ್ಪ ನಮ್ಮ ಮುಂದೆ "ತಿಳೀಲಿಲ್ಲ" ಅಂದಿದ್ದು ನನಗೆ ನೆನಪಿಲ್ಲ. ನಮ್ಮ ಕಡೆ ಯಾವ ಅಪ್ಪಂದಿರೂ ಹಾಗೆ ಹೇಳುತ್ತಿರಲಿಲ್ಲ. ಶಾಲೆಯಲ್ಲಂತೂ ಆ ಮಾತೇ ಇಲ್ಲ. ಮಕ್ಕಳು ಏನಾದರೂ ಕೇಳಿದರೆ "ದೊಡ್ಡಾಕಿ ಆದಮ್ಯಾಲ ತಿಳೀತೈತಿ, ಸುಮ್ನ ಓದು" ಅನ್ನುವುದು ರೂಢಿ. ಟಿವಿಯ ಆ ಮಾಸ್ತರು ಪ್ರಶ್ನೆ ಕೇಳಿದ ತಕ್ಷಣ ಉತ್ತರ ಒಪ್ಪಿಸುತ್ತಿರಲಿಲ್ಲ. ಒಂದು ಗಳಿಗೆ ನಿಲ್ಲುತ್ತಿದ್ದರು. ಮುಖದಲ್ಲಿ ಒಂದು ಖುಷಿ ಬರುತ್ತಿತ್ತು, ಯಾರೋ ಕೈಗೆ ಮಾವಿನಹಣ್ಣು ಕೊಟ್ಟ ಹಾಗೆ. ಆಮೇಲೆ ಮಾತಾಡುತ್ತಾ ಮಾತಾಡುತ್ತಾ ನಮ್ಮ ಎದುರಿಗೇ ವಿಚಾರ ಮಾಡುತ್ತಿದ್ದರು. ಅಷ್ಟು ದೊಡ್ಡ ಮನುಷ್ಯ ಅಷ್ಟು ಸಣ್ಣ ಪ್ರಶ್ನೆಗೆ ಯೋಚನೆ ಮಾಡಬಹುದಾದರೆ, ಲಿಂಗಸುಗೂರಿನ ಒಬ್ಬ ಪೋಸ್ಟ್‌ಮ್ಯಾನ್ ಮಕ್ಕಳ ಮುಂದೆ "ನನಗೂ ಗೊತ್ತಿಲ್ಲ" ಅನ್ನುವುದರಲ್ಲಿ ಏನು ಅವಮಾನ? ಅಪ್ಪ ಇದನ್ನು ಬಾಯಿಬಿಟ್ಟು ಹೇಳಿದವನಲ್ಲ. ಆದರೆ ಆ ಕಾರ್ಯಕ್ರಮ ಮೊದಲು ಬದಲು ಮಾಡಿದ್ದು ನನ್ನನ್ನಲ್ಲ, ಅಪ್ಪನನ್ನು. ಅವನ ಮೂಲಕ ನನಗೆ ಬಂತು. ಮಕ್ಕಳ ಮೇಲೆ ಆ ಮಾಸ್ತರ ಪ್ರಭಾವ ಏನು ಅಂತ ಯಾರಾದರೂ ಕೇಳಿದರೆ ನಾನು ಇದನ್ನೇ ಹೇಳುತ್ತೇನೆ.

ನನಗೂ ಒಂದು ಪ್ರಶ್ನೆ ಸಿಕ್ಕಿತು. ಸಿಕ್ಕಿದ್ದು ಅಡುಗೆಮನೆಯಲ್ಲಿ.

ನಮ್ಮ ಅಡುಗೆಮನೆಯ ಮೂಡಣ ಗೋಡೆಯಲ್ಲಿ, ಮೇಲೆ, ಒಂದು ಕಿಂಡಿ ಇತ್ತು. ಅದರಿಂದ ಬೆಕ್ಕು ಬಂದು ಹಾಲು ಕುಡಿಯುತ್ತದೆ ಅಂತ ಅಪ್ಪ ಎಣ್ಣೆ ಡಬ್ಬಿಯ ತಗಡು ಕತ್ತರಿಸಿ ಹೊಡೆದಿದ್ದ. ಆ ತಗಡಿನಲ್ಲಿ ಮೂರು ತೂತು ಉಳಿದಿದ್ದವು. ಒಂದು ದುಂಡಗೆ. ಒಂದು ಚೌಕ, ಎತ್ತಿನ ಲಾಳದ ಮೊಳೆ ಹೊಡೆದು ಕಿತ್ತಿದ್ದು. ಇನ್ನೊಂದು ಕಡೆ ತಗಡು ಹರಿದು ಮುಕ್ಕೋನವಾಗಿತ್ತು. ಬೆಳಿಗ್ಗೆ ಅವ್ವ ಒಲೆ ಹೊತ್ತಿಸಿದರೆ ಹೊಗೆಯಲ್ಲಿ ಮೂರು ಬೆಳಕಿನ ಕೋಲು ಓರೆಯಾಗಿ ಇಳಿಯುತ್ತಿದ್ದವು. ಎದುರು ಗೋಡೆಗೆ ಮೂರು ಬೆಳಕಿನ ಬಿಲ್ಲೆ. ಸೂರ್ಯ ಏರಿದಂತೆ ಅವು ಮೆಲ್ಲಗೆ ಕೆಳಗಿಳಿಯುತ್ತಿದ್ದವು. ನಾನು ಅಲ್ಲೇ ಗೋಡೆಗೆ ಒರಗಿ ಚಹಾ ಕುಡಿಯುತ್ತಿದ್ದೆ. ಒಂದು ದಿನ ಕಂಡಿತು: ಮೂರೂ ಬಿಲ್ಲೆ ದುಂಡಗೇ ಇವೆ. ತೂತು ಬೇರೆ ಬೇರೆ, ಬೆಳಕು ಮಾತ್ರ ಒಂದೇ ತರ. ಒಂದು ರೂಪಾಯಿ ನಾಣ್ಯಕ್ಕಿಂತ ಚೂರು ದೊಡ್ಡದು, ಅಷ್ಟೇ.

ಅವ್ವನಿಗೆ ತೋರಿಸಿದೆ. "ಹೌದಲ್ಲ" ಅಂದಳು. ಇಷ್ಟು ವರ್ಷ ಅದೇ ಗೋಡೆ ಸಾರಿಸಿದವಳು ರೊಟ್ಟಿ ಹಿಟ್ಟಿನ ಕೈಯಲ್ಲೇ ಬಂದು ಒಂದೊಂದನ್ನೂ ಮುಟ್ಟಿ ನೋಡಿದಳು.

ಅಪ್ಪನಿಗೆ ಹೇಳಿದಾಗ ಅವನು ಒಂದು ಪೋಸ್ಟ್ ಕಾರ್ಡ್ ತೆಗೆದ. "ಇದನ್ನ ಮಾಸ್ತರಿಗೆ ಬರದು ಕಳಸೋಣು." ನಾನು ಹೇಳಿದೆ, ಅವನು ಬರೆದ: "ತೂತು ಚೌಕ ಇದ್ದರೂ ಗೋಡೆಗೆ ಬೀಳುವ ಬೆಳಕು ದುಂಡಗೆ ಯಾಕೆ?" ಕೆಳಗೆ ನನ್ನ ಹೆಸರು, ಆರನೇ ಇಯತ್ತೆ, ಲಿಂಗಸುಗೂರು, ಜಿಲ್ಲಾ ರಾಯಚೂರು. ಕನ್ನಡದಲ್ಲಿ ಕಳಿಸಿದರೆ ದಿಲ್ಲಿಯಲ್ಲಿ ಓದುವವರು ಬೇಕಲ್ಲ, ಪರಿಚಯದ ಇಂಗ್ಲಿಷ್ ಮಾಸ್ತರ ಹತ್ತಿರ ಬರೆಸೋಣ ಅಂತ ಕಾರ್ಡನ್ನು ಖಾಕಿ ಅಂಗಿಯ ಜೇಬಿನಲ್ಲಿಟ್ಟುಕೊಂಡ. ದಸರಾ ರಜೆ. ಇಂಗ್ಲಿಷ್ ಮಾಸ್ತರು ಊರಿಗೆ ಹೋಗಿದ್ದರು. ಕಾರ್ಡು ಜೇಬಿನಲ್ಲೇ ಉಳಿಯಿತು.

ಅದು 1995. ಆ ವರ್ಷ ಏನೇನೋ ಆಯಿತು. ಸೆಪ್ಟೆಂಬರ್ 21ರಂದು ಗಣಪತಿ ಹಾಲು ಕುಡಿಯುತ್ತಾನೆ ಅಂತ ದೇಶವೆಲ್ಲ ಗುಡಿಗೆ ಓಡಿತ್ತು, ನೆನಪಿದೆಯಾ? ಅಜ್ಜಿಯೂ ಚಮಚ, ಹಾಲಿನ ಗಿಂಡಿ ಹಿಡಿದು ಹೋಗಿ ಬಂದಳು. ಕಣ್ಣಲ್ಲಿ ನೀರು. "ಕುಡದಾನವ್ವ, ನನ್ನ ಕೈಲೆ ಕುಡದಾನ." ನಾನು, ಅಣ್ಣ ಒರಳಿನ ಗುಂಡುಕಲ್ಲಿಗೆ ಚಮಚ ಹಿಡಿದು ನೋಡಿದೆವು. ಅದೂ ಕುಡಿಯಿತು. ಚಮಚದ ಅಂಚಿಗೆ ತುಂಬಿದ ಹಾಲು ಕಲ್ಲಿಗೆ ತಾಗಿದ ಕೂಡಲೇ ಸೆಳೆದುಕೊಂಡು ಸಣ್ಣ ಗೆರೆಯಾಗಿ ಕೆಳಗೆ ಹರಿಯುತ್ತಿತ್ತು. ಬಿಳಿ ಹಾಲು ಒದ್ದೆ ಕಲ್ಲಿನ ಮೇಲೆ ತೆಳ್ಳಗೆ ಹರಿದರೆ ಕಣ್ಣಿಗೆ ಕಾಣುವುದೇ ಇಲ್ಲ. ಸರ್ಕಾರದ ವಿಜ್ಞಾನಿಗಳು ಹಾಲಿಗೆ ಬಣ್ಣ ಹಾಕಿ ಇದನ್ನೇ ತೋರಿಸಿದ್ದರು. ಮೇಲ್ಮೈ ಎಳೆತ ಅನ್ನುವ ಪದ ನನಗೆ ಆಮೇಲೆ ಗೊತ್ತಾಗಿದ್ದು. ಅಜ್ಜಿಗೆ ತೋರಿಸಿದಾಗ ಅವಳು ಬಹಳ ಹೊತ್ತು ಗುಂಡುಕಲ್ಲನ್ನೇ ನೋಡಿ, "ಗುಂಡಿನಾಗೂ ಅಂವ ಇದ್ದಾನು" ಅಂದಳು. ಅಪ್ಪ ನಗಲಿಲ್ಲ. ನಾವೂ ನಗಲಿಲ್ಲ. ಟಿವಿಯ ಮಾಸ್ತರು ಯಾರ ಮೇಲೂ ನಕ್ಕಿದ್ದನ್ನು ನಾವು ನೋಡಿರಲಿಲ್ಲ.

ಮುಂದಿನ ತಿಂಗಳು ಗ್ರಹಣ. ಅಕ್ಟೋಬರ್ 24, ಮಂಗಳವಾರ, ದೀಪಾವಳಿ ಅಮಾವಾಸ್ಯೆ. ರಾಜಸ್ಥಾನದಿಂದ ಬಂಗಾಳದವರೆಗೆ ಒಂದು ಸಣ್ಣ ಪಟ್ಟಿಯಲ್ಲಿ ಮಾತ್ರ ಪೂರ್ಣ ಗ್ರಹಣ. ನಮ್ಮ ಕಡೆ ಸೂರ್ಯನ ಒಂದು ಭಾಗ ಮರೆಯಾಗುತ್ತದೆ ಅಷ್ಟೇ. ದೂರದರ್ಶನ ನೇರ ಪ್ರಸಾರ ಇಟ್ಟಿತ್ತು, ವಿವರಣೆಗೆ ಬಿಳಿ ಕೂದಲ ಮಾಸ್ತರು. ಅಪ್ಪ ಹಿಂದಿನ ದಿನವೇ ಆಂಟೆನಾ ಸರಿ ಮಾಡಿದ್ದ.

ಮನೆಯಲ್ಲಿ ಗ್ರಹಣದ ಕಟ್ಟುಪಾಡು ಜೋರು. ಅಜ್ಜಿ ಬೆಳಿಗ್ಗೆಯೇ ನೀರಿನ ಕೊಡದ ಮೇಲೆ ಗರಿಕೆ ಇಟ್ಟಳು. ಒಲೆ ಹೊತ್ತಿಸಲಿಲ್ಲ. ಸಣ್ಣತ್ತೆ ಬಸುರಿ, ಹೆರಿಗೆಗೆ ಬಂದಿದ್ದಳು. ಅವಳ ಮೇಲೆ ಗ್ರಹಣದ ನೆರಳು ಬೀಳಬಾರದು ಅಂತ ಅವಳನ್ನು ಅಡುಗೆಮನೆಯಲ್ಲಿ ಕೂರಿಸಿ ಬಾಗಿಲು ಮುಚ್ಚಿದರು. ಹಿತ್ತಲ ಬಾಗಿಲಿಗೂ ಚಿಲಕ. ಕತ್ತಲೆ ಅಂದರೆ ಕತ್ತಲೆ.

ನಾವು ಪಡಸಾಲೆಯಲ್ಲಿ ಟಿವಿ ಮುಂದೆ. ಸೂರ್ಯನ ಮೇಲಿನ ಅಂಚಿನಲ್ಲಿ ಒಂದು ಕಚ್ಚು ಬಿತ್ತು. ಮಾಸ್ತರು ಮಾತಾಡುತ್ತಿದ್ದರು. ಅಪ್ಪ ಅವತ್ತು ಅನುವಾದ ಮಾಡುವುದನ್ನು ಮರೆತೇಬಿಟ್ಟಿದ್ದ. ಅಷ್ಟರಲ್ಲಿ ಅಡುಗೆಮನೆಯಿಂದ ಸಣ್ಣತ್ತೆ ಕೂಗಿದಳು: "ಯಣ್ಣಾ, ಗ್ವಾಡಿ ಮ್ಯಾಲ ಏನೋ ಆಗಾಕತ್ತೈತಿ ಬಾರೋ!"

ಓಡಿದೆವು. ಮೂರೂ ಬಿಲ್ಲೆಗಳಿಗೆ ಕಚ್ಚು ಬಿದ್ದಿತ್ತು. ಮೂರಕ್ಕೂ ಒಂದೇ ಕಡೆ, ಒಂದೇ ಅಳತೆ. ಚೌಕ ತೂತಿನದಕ್ಕೂ, ಮುಕ್ಕೋನದ್ದಕ್ಕೂ. ನಾವು ನೋಡನೋಡುತ್ತಲೇ ಕಚ್ಚು ಬೆಳೆಯಿತು. ತಿಂದು ಬಿಟ್ಟ ರೊಟ್ಟಿಯ ಹಾಗೆ ಮೂರು ತುಂಡು ಬೆಳಕು ಗೋಡೆಯ ಮೇಲೆ ಸಾಲಾಗಿ ನಿಂತವು. ಗ್ರಹಣ ಒಳಗೆ ಬರಬಾರದು ಅಂತ ಬಾಗಿಲು ಹಾಕಿದ್ದೆವು. ಬಾಗಿಲು ಹಾಕಿ ಕತ್ತಲೆ ಮಾಡಿದ್ದಕ್ಕೇ ಅದು ಅಷ್ಟು ಚೆನ್ನಾಗಿ ಒಳಗೆ ಕಂಡಿತು.

"ಇವು ಬೆಳಕಿನ ಬಿಲ್ಲೆ ಅಲ್ಲ" ಅಂದ ಅಪ್ಪ. ದನಿ ನಡುಗುತ್ತಿತ್ತು. "ಇವು ಸೂರ್ಯ. ಮೂರೂ ಸೂರ್ಯನ ಚಿತ್ರ."

ನಾನು ಆರು ತಿಂಗಳಿಂದ ನೋಡುತ್ತಿದ್ದದ್ದು ಸೂರ್ಯನನ್ನೇ. ತೂತು ಹೇಗಾದರೂ ಇರಲಿ, ಸೂರ್ಯ ದುಂಡಗೆ, ಅದಕ್ಕೇ ಬಿಲ್ಲೆ ದುಂಡಗೆ. ಸೂರ್ಯ ತುಂಡಾದರೆ ಬಿಲ್ಲೆಯೂ ತುಂಡು. ನನ್ನ ಪ್ರಶ್ನೆಗೆ ಉತ್ತರ ದಿಲ್ಲಿಯಿಂದ ಬರಬೇಕಿತ್ತು. ಅದು ಆಕಾಶದಿಂದ ಬಂದು ನಮ್ಮ ಒಲೆಯ ಪಕ್ಕದ ಗೋಡೆಗೆ ಬಿದ್ದಿತ್ತು.

ಅಜ್ಜಿ ಬಾಗಿಲಲ್ಲಿ ನಿಂತು ನೋಡಿದಳು. ಸಣ್ಣತ್ತೆಯನ್ನು ಅಲ್ಲಿಂದ ಎಬ್ಬಿಸಿ ಕರೆದುಕೊಂಡು ಹೋಗುತ್ತಾಳೆ ಅಂದುಕೊಂಡೆ. ಇಲ್ಲ. ಅತ್ತೆಯ ಪಕ್ಕದಲ್ಲೇ ಮಣೆ ಹಾಕಿಕೊಂಡು ಕೂತಳು. ಗೋಡೆ ಕಡೆಗೇ ಕೈ ಮುಗಿದಳು. ಆ ಮಗುವಿಗೆ ಈಗ ಮೂವತ್ತು ತುಂಬಿದೆ, ಬೆಂಗಳೂರಿನಲ್ಲಿದ್ದಾನೆ, ಚೆನ್ನಾಗಿದ್ದಾನೆ.

ಪಡಸಾಲೆಗೆ ವಾಪಸ್ ಬರುವಷ್ಟರಲ್ಲಿ ರಾಜಸ್ಥಾನದಲ್ಲಿ ಪೂರ್ಣ ಗ್ರಹಣ ಹಿಡಿಯುವುದರಲ್ಲಿತ್ತು. ಕಪ್ಪು ಬಿಲ್ಲೆಯ ಅಂಚಿನಲ್ಲಿ ಒಂದು ಹನಿ ಬೆಳಕು, ವಜ್ರದ ಉಂಗುರ. ಆಮೇಲೆ ಕಪ್ಪು, ಸುತ್ತ ಬಿಳಿ ಕೂದಲಿನಂತೆ ಹರಡಿದ ಪ್ರಭೆ. ನೀಮ್ ಕಾ ಥಾನಾ ಅನ್ನುವ ಊರಿನಲ್ಲಿ ಅದು ಒಂದು ನಿಮಿಷವೂ ಇರಲಿಲ್ಲ. ಮಾಸ್ತರಿಗೆ ಆಗ ಅರವತ್ತೆಂಟು ವರ್ಷ. ದನಿ ಮಾತ್ರ ಜಾತ್ರೆಯಲ್ಲಿ ಮೊದಲ ಸಲ ತೇರು ನೋಡಿದ ಹುಡುಗನದು. ಭಾಷೆ ತಿಳಿಯದಿದ್ದರೂ ಅದು ತಿಳಿಯಿತು.

ಗ್ರಹಣ ಬಿಟ್ಟ ಮೇಲೆ ನನಗೆ ಇನ್ನೊಂದು ತಲೆನೋವು ಶುರುವಾಯಿತು. ಟಿವಿಯಲ್ಲಿ ಸೂರ್ಯನನ್ನು ಮೇಲಿನಿಂದ ಕಚ್ಚಿತ್ತು. ನಮ್ಮ ಗೋಡೆಯಲ್ಲಿ ಕೆಳಗಿನಿಂದ. ಯಾಕೆ? ಅಪ್ಪನನ್ನು ಕೇಳಿದರೆ ಅದೇ ಮಾತು, "ವಿಚಾರ ಮಾಡು." ಎರಡು ವರ್ಷ ಆ ಪ್ರಶ್ನೆ ಹಾಗೇ ಇತ್ತು. ಎಂಟನೇ ಇಯತ್ತೆಯಲ್ಲಿ ಒಂದು ರಟ್ಟಿಗೆ ಸೂಜಿ ಚುಚ್ಚಿ, ಮುಂದೆ ಮೇಣದಬತ್ತಿ, ಹಿಂದೆ ಎಣ್ಣೆ ಸವರಿದ ಕಾಗದ ಇಟ್ಟೆ. ಬತ್ತಿಯ ಜ್ವಾಲೆ ತಲೆಕೆಳಗಾಗಿ ಮೂಡಿತು. ಜ್ವಾಲೆಯ ತುದಿಯಿಂದ ಹೊರಟ ಬೆಳಕು ತೂತು ದಾಟಿ ನೆಟ್ಟಗೆ ಹೋದರೆ ಕೆಳಗೇ ಬೀಳಬೇಕು. ಬುಡದಿಂದ ಹೊರಟದ್ದು ಮೇಲೆ. "ಬೆಳಕು ಸರಳ ರೇಖೆಯಲ್ಲಿ ಚಲಿಸುತ್ತದೆ" ಅಂತ ಎರಡು ಮಾರ್ಕಿನ ಉತ್ತರವನ್ನು ನಾನು ಎಷ್ಟು ಸಲ ಬರೆದಿದ್ದೆನೋ. ಬರೆದ ಆ ಸಾಲೂ ನಮ್ಮ ಗೋಡೆಯೂ ಒಂದೇ ಅಂತ ಅವತ್ತು ಗೊತ್ತಾಯಿತು.

ಇದನ್ನು ಓದುತ್ತಿರುವವರ ಮನೆಯಲ್ಲಿ ಮಕ್ಕಳಿದ್ದರೆ ಒಂದು ಸಣ್ಣ ಕೆಲಸ ಮಾಡಿ ನೋಡಿ. ಚೌಕ ತೂತಿನ ಹತ್ತಿರವೇ, ಒಂದು ಗೇಣು ದೂರದಲ್ಲಿ ಬಿಳಿ ಕಾಗದ ಹಿಡಿಯಿರಿ. ಬೆಳಕು ಚೌಕವೇ ಇರುತ್ತದೆ. ಮೆಲ್ಲಗೆ ಹಿಂದೆ ಸರಿಸುತ್ತಾ ಹೋಗಿ. ಜೋಳದ ಕಾಳಿನಷ್ಟು ತೂತಾದರೆ ಒಂದು ಮೊಳ ದಾಟುವಷ್ಟರಲ್ಲಿ ಮೂಲೆಗಳು ಮೆತ್ತಗಾಗುತ್ತವೆ. ಹತ್ತು ಅಡಿಗೆ ಪೂರ್ತಿ ದುಂಡಗೆ. ತೂತಿನ ಒಂದೊಂದು ಚುಕ್ಕೆಯೂ ಒಂದೊಂದು ಸೂರ್ಯನನ್ನು ಬಿಡಿಸುತ್ತದೆ. ದೂರ ಹೋದಂತೆ ಆ ಸೂರ್ಯಗಳು ದೊಡ್ಡವಾಗಿ ಒಂದರ ಮೇಲೊಂದು ಕೂತು ತೂತಿನ ಆಕಾರವನ್ನು ನುಂಗಿಬಿಡುತ್ತವೆ. ಬಿಲ್ಲೆಯ ಅಗಲವನ್ನು ಸುಮಾರು 108ರಿಂದ ಗುಣಿಸಿ, ತೂತಿನಿಂದ ಗೋಡೆಗೆ ಇರುವ ದೂರ ಬರುತ್ತದೆ. ಆಕಾಶದ ಸೂರ್ಯನಿಗೂ ಇದೇ ಲೆಕ್ಕ: ಅವನ ಅಗಲದ ಸುಮಾರು 108 ಪಟ್ಟು ದೂರದಲ್ಲಿ ಅವನಿದ್ದಾನೆ. ಒಂದು ಅಳತೆಪಟ್ಟಿ ಸಾಕು. ಸೂರ್ಯನನ್ನು ಬರಿಗಣ್ಣಿನಲ್ಲಿ ನೋಡಬೇಡಿ ಅಂತ ಮಕ್ಕಳಿಗೆ ಮೊದಲೇ ಹೇಳಿಬಿಡಿ, ಗೋಡೆ ನೋಡಿದರೆ ಸಾಕು ಅಂತ.

ಮುಂದೆ ನಾನು ಬಿ.ಎಸ್ಸಿ. ಓದಿ, ಬಿ.ಇಡಿ.ಗೆ ಧಾರವಾಡಕ್ಕೆ ಬಂದೆ. ಅಲ್ಲಿ ಒಂದು ದಿನ ತರಗತಿಯಲ್ಲಿ "ಯಶ್ ಪಾಲ್ ಸಮಿತಿ" ಅಂತ ನೋಟ್ಸ್ ಬರೆಸಿದರು. ಶಾಲಾ ಮಕ್ಕಳ ಹೊರೆ ಇಳಿಸುವುದು ಹೇಗೆ ಅಂತ ಕೇಂದ್ರ ಸರ್ಕಾರ ನೇಮಿಸಿದ ಸಮಿತಿ, 1993ರಲ್ಲಿ ವರದಿ ಕೊಟ್ಟಿತ್ತು. ಪರೀಕ್ಷೆಗೆ ಐದು ಅಂಶ ಬರೆದುಕೊಂಡೆ. ಆಮೇಲೆ ಲೈಬ್ರರಿಯಲ್ಲಿ ಒಂದು ಹಳೆ ಪತ್ರಿಕೆಯಲ್ಲಿ ಫೋಟೊ ನೋಡಿದೆ. ಬಿಳಿ ಕೂದಲ ಮಾಸ್ತರು! ಅಲ್ಲೇ ನಿಂತು ನಕ್ಕುಬಿಟ್ಟೆ. ಪಕ್ಕದ ಹುಡುಗಿಗೆ "ಇವರು ನಮ್ಮ ಮನೆಗೆ ಬರ‍್ತಿದ್ರು" ಅಂದೆ.

ವರದಿಯನ್ನು ಆಮೇಲೆ ಪೂರ್ತಿ ಓದಿದೆ. ಸಣ್ಣದೇ ಇದೆ. ನಮ್ಮ ಮೈಸೂರಿನ ಆರ್.ಕೆ. ನಾರಾಯಣ್ ರಾಜ್ಯಸಭೆಯಲ್ಲಿ ಮಕ್ಕಳ ಬೆನ್ನಿನ ಚೀಲದ ಬಗ್ಗೆ ಮರುಗಿ ಮಾತಾಡಿದ್ದರಲ್ಲ, ಅದರ ಪ್ರಸ್ತಾಪ ಅದರಲ್ಲಿದೆ. ಆದರೆ ಸಮಿತಿ ಚೀಲದ ತೂಕದ ಹತ್ತಿರ ನಿಲ್ಲುವುದಿಲ್ಲ. ಅದಕ್ಕಿಂತ ಕೆಟ್ಟದ್ದು ಅರ್ಥವಾಗದೆ ಇರುವುದರ ಹೊರೆ ಅನ್ನುತ್ತದೆ. ಓದಿದಾಗ ನನ್ನ ಎರಡು ಮಾರ್ಕಿನ ಉತ್ತರ ನೆನಪಾಯಿತು. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿನ ಸಮಿತಿಗೂ ಅವರೇ ಅಧ್ಯಕ್ಷರು. ಶಾಲೆಯ ಹೊರಗಿನ ಬದುಕಿಗೂ ಒಳಗಿನ ಪಾಠಕ್ಕೂ ಸೇತುವೆ ಕಟ್ಟಬೇಕು ಅನ್ನುವುದು ಅದರ ಜೀವಾಳ. ನಾನು ಟೀಚರ್ ಆಗಿ ಇಷ್ಟು ವರ್ಷವಾಯಿತು. ಆ ಸೇತುವೆ ಎಲ್ಲ ಕಡೆ ಕಟ್ಟಿಲ್ಲ ಅನ್ನುವುದು ನನಗೆ ದಿನಾ ಕಾಣುತ್ತದೆ, ಅದು ನನ್ನನ್ನು ಚುಚ್ಚುತ್ತದೆ.

ಮಕ್ಕಳಿಗೆ ಈಗ ಕೈಯಲ್ಲೇ ಎಲ್ಲ ಇದೆ. ಮೊಬೈಲಿನಲ್ಲಿ ಒಂದು ನಿಮಿಷಕ್ಕೆ ಒಂದು ಪ್ರಯೋಗ. ನಾನು ಅದಕ್ಕೆ ವಿರೋಧಿ ಅಲ್ಲ, ಎಷ್ಟೋ ಒಳ್ಳೆಯವು ಇವೆ, ನಾನೂ ತೋರಿಸುತ್ತೇನೆ. ಆದರೆ ಅವನ್ನು ಮಕ್ಕಳು ಒಬ್ಬರೇ ನೋಡುತ್ತಾರೆ. ಬೆರಳು ಸರಿಸಿದರೆ ಮುಂದಿನದು. ಪಕ್ಕದಲ್ಲಿ ಕೂತು "ಇದು ನನಗ ತಿಳೀಲಿಲ್ಲ, ನಿನಗ ತಿಳೀತೇನು?" ಅನ್ನುವ ಒಬ್ಬ ದೊಡ್ಡವರು ಇಲ್ಲ. ಪಾಲಕರ ಸಭೆಯಲ್ಲಿ ನಾನು ಇದೊಂದನ್ನೇ ಬೇಡಿಕೊಳ್ಳುತ್ತೇನೆ. ಟ್ಯೂಷನ್ ಬೇಡ, ಕಿಟ್ ಬೇಡ. ವಾರಕ್ಕೆ ಅರ್ಧ ಗಂಟೆ ಮಗುವಿನ ಜತೆ ಕೂತು ಯಾವುದಾದರೂ ಒಂದನ್ನು ನೋಡಿ, ನಿಮಗೆ ತಿಳಿಯದಿದ್ದರೆ ಹಾಗಂತ ಹೇಳಿ. ಕೆಲವರು ಕೇಳುತ್ತಾರೆ.

2017ರ ಜುಲೈನಲ್ಲಿ ಮಾಸ್ತರು ತೀರಿಕೊಂಡರು. ತೊಂಬತ್ತು ವರ್ಷ ಆಗಿತ್ತು. ಅವತ್ತು ಅವರ ಬಗ್ಗೆ ಬಂದದ್ದೆಲ್ಲ ಓದಿದೆ. ಹುಟ್ಟಿದ್ದು ಈಗ ಪಾಕಿಸ್ತಾನದಲ್ಲಿರುವ ಝಂಗ್. ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ವಿಶ್ವಕಿರಣಗಳ ಮೇಲೆ ಕೆಲಸ. ಆಮೇಲೆ ಅಹಮದಾಬಾದಿನ ಇಸ್ರೋ ಬಾಹ್ಯಾಕಾಶ ಅನ್ವಯ ಕೇಂದ್ರದ ಮೊದಲ ನಿರ್ದೇಶಕರು. ಅಲ್ಲಿ ಅವರು ಮುಂದೆ ನಿಂತು ನಡೆಸಿದ್ದು 'ಸೈಟ್' ಅನ್ನುವ ಪ್ರಯೋಗ. 1975ರ ಆಗಸ್ಟ್‌ನಿಂದ ಒಂದು ವರ್ಷ, ಅಮೆರಿಕದ ಉಪಗ್ರಹವೊಂದನ್ನು ಎರವಲು ಪಡೆದು ಆರು ರಾಜ್ಯಗಳ 2400 ಹಳ್ಳಿಗಳಿಗೆ ನೇರವಾಗಿ ಟಿವಿ ಮುಟ್ಟಿಸಿದ್ದು. ಬೆಳಿಗ್ಗೆ ಶಾಲಾ ಮಕ್ಕಳಿಗೆ, ಸಂಜೆ ದೊಡ್ಡವರಿಗೆ. ಕರ್ನಾಟಕದಲ್ಲಿ ಮೂರು ಜಿಲ್ಲೆ: ಬಿಜಾಪುರ, ಗುಲ್ಬರ್ಗ, ರಾಯಚೂರು.

ರಾಯಚೂರು ಅಂತ ಓದಿದ ಕೂಡಲೇ ಅಪ್ಪನಿಗೆ ಫೋನ್ ಮಾಡಿದೆ. ನಿವೃತ್ತಿಯಾಗಿ ನಮ್ಮ ಹಳ್ಳಿಯಲ್ಲಿದ್ದ.

"ಅಪ್ಪಾ, 75ರಾಗ ನಮ್ಮ ಹಳ್ಳಿಗೆ ಟಿವಿ ಬಂದಿತ್ತೇನು?"

"ನಮ್ಮಲ್ಲಿ ಇಲ್ಲವ್ವ. ಮಗ್ಗುಲ ಊರಿಗೆ ಬಂದಿತ್ತು. ಸಾಲಿ ಮ್ಯಾಲ ಕೋಳಿ ಬುಟ್ಟಿ ಹಂಗ ಒಂದು ದೊಡ್ಡ ಜಾಳಗಿ ಇಟ್ಟಿದ್ರು. ಎರಡ ಹರದಾರಿ ನಡಕೋತ ಹೋಗಿ ನೋಡಿ ಬರ‍್ತಿದ್ವಿ. ಒಂದ ವರ್ಷ ಬಂತು, ಆಮ್ಯಾಲ ಬಂದ್ ಆತು."

ಕೋಳಿ ಬುಟ್ಟಿ ಅಂದಿದ್ದು ಬರೀ ಹೋಲಿಕೆ ಅಲ್ಲ. ಆ ಆಂಟೆನಾಗಳನ್ನು ಮಾಡಿದ್ದೇ ಕೋಳಿ ಗೂಡಿಗೆ ಹಾಕುವ ತಂತಿ ಜಾಳಿಗೆಯಿಂದ, ಹತ್ತು ಅಡಿ ಅಗಲ. 36,000 ಕಿಲೋಮೀಟರ್ ಮೇಲಿನಿಂದ ಬರುವ ಕನ್ನಡವನ್ನು ಆ ಜಾಳಿಗೆ ಹಿಡಿಯುತ್ತಿತ್ತು.

"ಅದನ್ನ ಮಾಡಿಸಿದವರು ನಮ್ಮ ಬಿಳಿ ಕೂದಲ ಮಾಸ್ತರು ಅಂತಪ್ಪಾ. ಇವತ್ತು ತೀರಿಕೊಂಡ್ರು."

ಅಪ್ಪ ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ, "ಹಂಗಾರ ನನಗ ಮೊದಲಽ ಮಾಸ್ತರಾಗಿದ್ರು" ಅಂದ. ಮತ್ತೆ ಸ್ವಲ್ಪ ಹೊತ್ತು ಬಿಟ್ಟು, "ನಿನ್ನ ಕಾರ್ಡು ನನ್ನ ಟ್ರಂಕಿನ್ಯಾಗ ಐತಿ ನೋಡು" ಅಂದ. ನಾನು ಅದನ್ನು ಮರೆತೇಬಿಟ್ಟಿದ್ದೆ. ಈಗ ಅದು ನನ್ನ ಹತ್ತಿರ ಇದೆ. ಮೂಲೆಯಲ್ಲಿ ಬೆವರಿನ ಕಲೆ. ಅಪ್ಪನ ದುಂಡು ಅಕ್ಷರ.

2019ರ ಡಿಸೆಂಬರ್ 26ಕ್ಕೆ ಕಂಕಣ ಗ್ರಹಣ ಬಂತು. ಕೊಡಗು, ಮಂಗಳೂರಿನ ಕಡೆ ಸೂರ್ಯ ಬಳೆಯಾಗಿದ್ದ. ಧಾರವಾಡದಲ್ಲಿ ಕುಡುಗೋಲಿನ ಹಾಗೆ. ನಮ್ಮ ಶಾಲೆಯ ಅಂಗಳದಲ್ಲಿ ಒಂದು ಬೇವಿನ ಮರ ಇದೆ. ಎಲೆಗಳ ನಡುವಿನ ಸಂದಿಗಳೆಲ್ಲ ತೂತುಗಳೇ ಅಲ್ವಾ? ಬೆಳಿಗ್ಗೆ ಒಂಬತ್ತೂವರೆ ಹೊತ್ತಿಗೆ ನೆಲದ ತುಂಬ ಕುಡುಗೋಲು. ನೂರಾರು. ಮಕ್ಕಳು ಅವುಗಳ ಮೇಲೆ ಕಾಲಿಡದಂತೆ ನೆಗೆದು ನೆಗೆದು ಓಡಾಡಿದರು. ಬಿಳಿ ಅಂಗಿಯ ಹುಡುಗರ ಬೆನ್ನ ಮೇಲೆಲ್ಲ ಗ್ರಹಣ. ನಾನು ಏನೂ ಹೇಳಲಿಲ್ಲ. "ಯಾಕ ಹಿಂಗ ಅಂತ ವಿಚಾರ ಮಾಡ್ರಿ" ಅಂದೆ, ಅಷ್ಟೇ.

ಮೂರು ದಿನ ಬಿಟ್ಟು ಏಳನೇ ತರಗತಿಯ ಒಬ್ಬ ಹುಡುಗಿ ಸ್ಟಾಫ್ ರೂಮಿನ ಬಾಗಿಲಿಗೆ ಬಂದು ನಿಂತಳು. ಮಾತು ಕಡಿಮೆ, ಪರೀಕ್ಷೆಯಲ್ಲಿ ಹೇಳಿಕೊಳ್ಳುವಂಥ ಮಾರ್ಕೂ ಇಲ್ಲ.

"ಟೀಚರ್‌ರೀ, ಮರದ ಬುಡಕ ಬೀಳೋದು ಸೂರ್ಯನ ಚಿತ್ರ ಅಂದ್ರ, ಬೆಳದಿಂಗಳಾಗ ಚಂದ್ರನ ಚಿತ್ರ ಬೀಳಬೇಕಲ್ರೀ? ಅರ್ಧ ಚಂದ್ರ ಇದ್ದಾಗ ಅರ್ಧ ಚಿತ್ರ ಬೀಳತೈತೇನ್ರೀ?"

ನನಗೆ ಇದು ಯಾವತ್ತೂ ಹೊಳೆದಿರಲಿಲ್ಲ. ನಲವತ್ತರ ಹತ್ತಿರ ಬಂದರೂ ಹೊಳೆದಿರಲಿಲ್ಲ. "ನನಗ ಗೊತ್ತಿಲ್ಲವ್ವ, ನೋಡೋಣು" ಅಂದೆ. ಅವಳ ಮುಖ ಅರಳಿತು.

ಅವಳ ಮನೆ ನಮ್ಮ ಓಣಿಯಲ್ಲೇ. ಬನದ ಹುಣ್ಣಿಮೆಗೆ ಅವಳು, ಅವರವ್ವ ಇಬ್ಬರೂ ನಮ್ಮ ಮನೆಗೆ ಬಂದರು. ಕಿಟಕಿಗೆ ರಟ್ಟು ಹಚ್ಚಿ, ತೂತು ಮಾಡಿ, ದೀಪ ಆರಿಸಿದೆವು. ಮೊದಲು ಏನೂ ಇಲ್ಲ. ಕತ್ತಲೆಯಲ್ಲಿ ಹದಿನೈದು ನಿಮಿಷ ಕೂತ ಮೇಲೆ ಕಣ್ಣು ಪಳಗಿತು. ಬಿಳಿ ಹಾಳೆಯ ಮೇಲೆ ಬೂದಿ ಬಣ್ಣದ ಒಂದು ದುಂಡು ಕಲೆ. ಚಂದ್ರ. ಆದರೆ ಅದು ದುಂಡಗಿದ್ದರೆ ಅವಳ ಪ್ರಶ್ನೆಗೆ ಪೂರ್ತಿ ಉತ್ತರ ಆಗಲಿಲ್ಲ. ಅವಳೇ ಹೇಳಿದಳು, "ಅಷ್ಟಮಿಗೆ ನೋಡಬೇಕ್ರಿ." ಅರ್ಧ ಚಂದ್ರನ ಬೆಳಕು ಹುಣ್ಣಿಮೆಯ ಅರ್ಧವಲ್ಲ, ಹತ್ತರಲ್ಲಿ ಒಂದು ಪಾಲು ಅಷ್ಟೇ. ಅದೇ ತೂತಿನಲ್ಲಿ ಕಾಣುವುದಿಲ್ಲ ಅಂದೆ. ಅವಳು ಒಂದು ದಿನ ಯೋಚಿಸಿ ಬಂದಳು: "ತೂತು ದೊಡ್ಡದು ಮಾಡ್ರಿ. ದೊಡ್ಡದು ಮಾಡಿದಷ್ಟು ಹಾಳಿ ದೂರ ಹಿಡಿಬೇಕ್ರಿ."

ರಥಸಪ್ತಮಿಯ ಮರುದಿನ, ಅಷ್ಟಮಿ. ರಾತ್ರಿ ಹನ್ನೆರಡರ ಹೊತ್ತಿಗೆ ಚಂದ್ರ ಪಡುವಣಕ್ಕೆ ಇಳಿದಿತ್ತು. ನಮ್ಮ ಪಡುವಣ ಕಿಟಕಿಯಾಚೆ ಪೇರಲ ತೋಟ, ಬೀದಿ ದೀಪ ಇಲ್ಲ. ಎರಡು ರೂಪಾಯಿ ನಾಣ್ಯಕ್ಕಿಂತ ಸ್ವಲ್ಪ ಸಣ್ಣ ತೂತು ಮಾಡಿದೆವು. ನಡುಮನೆ ದಾಟಿ, ಅಡುಗೆಮನೆ ಬಾಗಿಲ ತನಕ, ಇಪ್ಪತ್ತು ಅಡಿ. ಅಪ್ಪ ಊರಿಂದ ಬಂದಿದ್ದ. ಎಪ್ಪತ್ತರ ಹತ್ತಿರದ ಮನುಷ್ಯ ಅಲ್ಲಿ ಸ್ಟೂಲಿನ ಮೇಲೆ ಕೂತು ಬಿಳಿ ರಟ್ಟು ಹಿಡಿದಿದ್ದ. ಅರ್ಧ ಗಂಟೆ ಯಾರೂ ಮಾತಾಡಲಿಲ್ಲ.

"ಬಂತು" ಅಂದಳು ಹುಡುಗಿ. ನನಗೆ ಕಾಣಲಿಲ್ಲ. ನೇರ ನೋಡದೆ ಓರೆಗಣ್ಣಿನಲ್ಲಿ ನೋಡಿ ಅಂದಳು. ಆಗ ಕಂಡಿತು. ಅಪ್ಪನ ಹೆಬ್ಬೆರಳಿನ ಪಕ್ಕ, ಅಂಚು ಕರಗಿದ ಅರ್ಧ ಬಿಲ್ಲೆ, ಇದೆಯೋ ಇಲ್ಲವೋ ಅನ್ನುವಷ್ಟು ತೆಳ್ಳಗೆ. ಅವಳು ಹತ್ತಿರ ಹೋಗಿ ಬೆರಳಿನಿಂದ ಅದರ ನೆಟ್ಟಗಿನ ಬದಿಯನ್ನು ಗೀರಿ ತೋರಿಸಿದಳು.

"ಅಜ್ಜಾ, ಕೈ ಅಳ್ಳಾಡಸಬ್ಯಾಡ್ರೀ" ಅಂದಳು. ಅಪ್ಪ ಉಸಿರು ಹಿಡಿದು ಕೂತ.